ಲಕ್ಷ್ಮೀಪುರಂನ ಹಳೇ ಮನೆ ಹಜಾರಕ್ಕೆ ಯಾವ ಬಣ್ಣ? ಕೆಂಪು ನೆಲ, ಸುಣ್ಣದ ಗಾರೆ ಗೋಡೆ, ಉತ್ತರದ ಬೆಳಕು

ಹಜಾರದ_ಕಮಾನು

ಮೈಸೂರು ಲಕ್ಷ್ಮೀಪುರಂನಲ್ಲಿರುವ ಮನೆ, 1930ರ ದಶಕದ ಆರಂಭದ್ದು. ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಗೋಡೆಯ ದಪ್ಪ 15 ಇಂಚು. ಬಣ್ಣ ಬಳಿಸಬೇಕಿರೋದು ಮುಂದಿನ ಹಜಾರಕ್ಕೆ. ಅಳತೆ, ದಿಕ್ಕು ಎಲ್ಲ ಕೊಡ್ತೀನಿ, ಊಹೆ ಮಾಡಿ ಉತ್ತರ ಹೇಳೋ ಕಷ್ಟ ನಿಮಗೆ ಬೇಡ.

ಉದ್ದ 16 ಅಡಿ, ಅಗಲ 14 ಅಡಿ, ಎತ್ತರ 12 ಅಡಿ. ಮೇಲೆ ಮದ್ರಾಸ್ ತಾರಸಿ (ಮರದ ಜಂತೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಚಾವಣಿ), ತೇಗದ ಜಂತೆಗಳು ಕಾಣುತ್ತವೆ. ನೆಲ ರೆಡ್ ಆಕ್ಸೈಡ್, ಸುತ್ತಲೂ 9 ಇಂಚಿನ ಕಪ್ಪು ಅಂಚು. ಮನೆ ಉತ್ತರಕ್ಕೆ ಮುಖ. ಮುಂದೆ 8 ಅಡಿ ಅಗಲದ ವರಾಂಡ, ಅದರ ನೆಲವೂ ಕೆಂಪೇ. ವರಾಂಡದ ಕಡೆಗೆ ಒಂದು ಬಾಗಿಲು, ಎರಡು ಕಿಟಕಿ. ಪೂರ್ವಕ್ಕೆ ಇನ್ನೊಂದು ಕಿಟಕಿ, ಅದರಾಚೆ ಪಕ್ಕದವರ ಕಾಂಪೌಂಡು. ನಡುಮನೆ ಕಡೆ 6 ಅಡಿ ಅಗಲದ ಕಮಾನು, ಬಾಗಿಲಿಲ್ಲ. ಗೋಡೆಯಲ್ಲಿ ಎರಡು ಗೂಡುಗಳಿವೆ. ನೆಲದಿಂದ ಮೂರೂವರೆ ಅಡಿವರೆಗೆ ಹಳೇ ಕಾಲದ ಆಯಿಲ್ ಪೇಂಟಿನ ಪಟ್ಟಿ ಇತ್ತು, ಅದರ ಮೇಲೆಯೇ ಎಮಲ್ಷನ್ ಬಳಿದಿದ್ದಾರೆ.

ಈಗಿರೋದು ತಿಳಿ ನೇರಳೆ. ಕೆಳಗಿನ ಎರಡಡಿ ಚಕ್ಕೆ ಚಕ್ಕೆಯಾಗಿ ಏಳ್ತಿದೆ, ಬಿಳೀ ಪುಡಿ ಉದುರುತ್ತೆ. ಪೇಂಟಿಂಗ್ ಕಂಟ್ರಾಕ್ಟರ್ ಹೇಳೋದು: ಎಲ್ಲ ಕೆರೆದು ಎರಡು ಕೋಟು ವಾಲ್ ಪುಟ್ಟಿ, ಪ್ರೈಮರ್, ಆಮೇಲೆ ಹೊಳಪಿನ ಎಮಲ್ಷನ್. ಬಣ್ಣಕ್ಕೆ ತಿಳಿ ಬೂದು ಇಲ್ಲಾಂದ್ರೆ ಆಫ್ ವೈಟ್ ಅಂತ ಮನೆಯಲ್ಲಿ ಮಾತು. ನವರಾತ್ರಿಗೆ ಬೊಂಬೆ ಕೂರಿಸೋದು ಇದೇ ಹಜಾರದಲ್ಲಿ. ಅಷ್ಟರೊಳಗೆ ಮುಗೀಬೇಕು, ಇನ್ನು ಮೂರು ತಿಂಗಳಿದೆ. ಬೂದು ಬಣ್ಣ ಈ ನೆಲಕ್ಕೆ ಒಗ್ಗುತ್ತಾ?

ಬೆಳಕು_ನೆರಳು

ಬೂದು ಬೇಡ. ಕಾರಣ ನಿಮ್ಮ ನೆಲದಲ್ಲೇ ಇದೆ.

ಒಂದು ಸಣ್ಣ ಪರೀಕ್ಷೆ ಮಾಡಿ. ಎರಡು ಬಿಳೀ ಹಾಳೆ ತಗೊಳ್ಳಿ, ಎ4 ಅಳತೆಯದು ಸಾಕು. ಒಂದನ್ನು ನೆಲದಿಂದ ಒಂದಡಿ ಮೇಲೆ, ಇನ್ನೊಂದನ್ನು ಆರಡಿ ಮೇಲೆ ಅದೇ ಗೋಡೆಗೆ ಅಂಟಿಸಿ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ದೀಪ ಆರಿಸಿ, ಎದುರು ಗೋಡೆಗೆ ಒರಗಿ ನಿಂತು ನೋಡಿ. ಕೆಳಗಿನ ಹಾಳೆ ಕೆಂಪಡರಿದ ಹಾಗೆ ಕಾಣುತ್ತೆ, ಮೇಲಿನದು ಇನ್ನಷ್ಟು ತಣ್ಣಗೆ. ಒಂದೇ ಕಟ್ಟಿನ ಎರಡು ಹಾಳೆ! ನಿಮ್ಮ ಹಜಾರದಲ್ಲಿ ಇದು ಬೇರೆ ಮನೆಗಳಿಗಿಂತ ಜಾಸ್ತಿ, ಯಾಕಂದ್ರೆ ಕಿಟಕಿಯಿಂದ ಬರೋ ಬೆಳಕೇ ವರಾಂಡದ ಕೆಂಪು ನೆಲಕ್ಕೆ ಬಡಿದು ಒಳಗೆ ಬರುತ್ತೆ, ಒಳಗೆ ಮತ್ತೆ ಕೆಂಪು ನೆಲಕ್ಕೆ ಬೀಳುತ್ತೆ.

ಇಂಥ ಕಡೆ ತಿಳಿ ಬೂದು ಬಳಿದರೆ ಕೆಳಗಿನ ಅರ್ಧ ನೇರಳೆಗೆ ತಿರುಗುತ್ತೆ, ಮೂಲೆಗಳು ಕೊಳೆಯಾದ ಹಾಗೆ ಕಾಣುತ್ತವೆ. ಅಚ್ಚ ಬಿಳುಪಿನ ಆಫ್ ವೈಟ್ ಕೂಡ ಕಷ್ಟ. ಕೆಂಪು ನೆಲ ಮತ್ತು ಹಳೇ ತೇಗದ ಪಕ್ಕ ಆ ಬಿಳುಪು ನೀಲಿ ಹೊಡೆಯುತ್ತೆ, ಟ್ಯೂಬ್‌ಲೈಟಿನ ಕೆಳಗೆ ಆಸ್ಪತ್ರೆ ಕೋಣೆಯ ಹಾಗೆ ಕಾಣುತ್ತೆ. ಗುಲಾಬಿ ಮಿಶ್ರಿತ ಬೀಜ್, ಪೀಚ್ ಅಂತೂ ಮುಟ್ಟಲೇಬೇಡಿ. ನೆಲವೇ ಬೇಕಾದಷ್ಟು ಕೆಂಪನ್ನು ಪುಕ್ಕಟೆ ಕೊಡ್ತಿದೆ, ಗೋಡೆಯಲ್ಲಿ ಇನ್ನೂ ಕೆಂಪು ಸೇರಿಸಿದರೆ ಇಡೀ ಹಜಾರ ಬಿಸಿಯೇರಿದ ಹಾಗಾಗುತ್ತೆ.

ಈ ನೆಲಕ್ಕೆ ಒಗ್ಗೋದು ಹಳದಿ ಕಡೆಗೋ ಹಸಿರು ಕಡೆಗೋ ವಾಲುವ ತಿಳಿ ಬಣ್ಣಗಳು. ಒಂದು, ಕಾಯಿಸದ ಬೆಣ್ಣೆಯ ಬಣ್ಣ. ತುಪ್ಪದ ಹಳದಿ ಅಲ್ಲ, ಹಸುವಿನ ಹಾಲಿನ ಬೆಣ್ಣೆಯದು. ಎರಡು, ಬಾಳೆ ಸುಳಿಯ ಬಣ್ಣ ಒಂದಿಷ್ಟು ಮಾಸಿದ ಹಾಗಿರೋ ತಿಳಿ ಹಸಿರು. ಕೆಂಪಿಗೆ ಎದುರು ಬಣ್ಣ ಹಸಿರೇ ಆದ್ದರಿಂದ ನೆಲದ ಕೆಂಪು ಅದರ ಪಕ್ಕ ಶುದ್ಧವಾಗಿ ಕಾಣುತ್ತೆ, ಗೋಡೆಯೂ ತಂಪು. ಮೂರನೆಯದು ಹಳದಿ ಮಣ್ಣಿನ ಬಣ್ಣ, ಆದರೆ ಅದು ಇಡೀ ಗೋಡೆಗೆ ಅಲ್ಲ, ಗೂಡಿಗೋ ಕೆಳಗಿನ ಪಟ್ಟಿಗೋ ಸರಿ.

ಶೇಡ್ ಕಾರ್ಡ್ ತಿರುಗಿಸಿ ನೋಡಿದರೆ ಹಲವು ಕಂಪನಿಗಳವು ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಕೊಟ್ಟಿರುತ್ತವೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟನ್ನು ಗೋಡೆ ವಾಪಸ್ ಕೊಡುತ್ತೆ ಅನ್ನೋ ಲೆಕ್ಕ ಅದು. ನಿಮ್ಮ ಹಜಾರಕ್ಕೆ ವರಾಂಡದ ಸೂರು ಬೆಳಕು ತಡೆಯುತ್ತೆ, ನೆಲ ಬೆಳಕು ನುಂಗುತ್ತೆ. ಹಾಗಾಗಿ ಮೇಲಿನ ಗೋಡೆಗೆ 70ಕ್ಕಿಂತ ಕಡಿಮೆ ಬೇಡ. ಕೆಳಗಿನ ಪಟ್ಟಿ 35ರಿಂದ 50 ಇದ್ದರೂ ನಡೆಯುತ್ತೆ.

ಕಾರ್ಡಿನಲ್ಲಿ ಇಷ್ಟವಾದದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯದನ್ನೇ ಆರಿಸಿ. ನಾಲ್ಕು ಗೋಡೆಗೂ ಬಳಿದಾಗ ಒಂದು ಗೋಡೆಯ ಬಣ್ಣ ಇನ್ನೊಂದಕ್ಕೆ ಬಡಿದು ಎರಡೂ ಗಾಢವಾಗುತ್ತವೆ. ಎರಡಿಂಚಿನ ಚೀಟಿಯಲ್ಲಿ ಅದು ಗೊತ್ತಾಗಲ್ಲ. ಮಾದರಿಯನ್ನು ಈಗಿರುವ ನೇರಳೆಯ ಮೇಲೆ ನೇರವಾಗಿ ಬಳೀಬೇಡಿ, ಸುತ್ತಲಿನ ನೇರಳೆ ಕಣ್ಣನ್ನು ಮೋಸ ಮಾಡುತ್ತೆ. ಎರಡಡಿ ಚದರದ ದಪ್ಪ ರಟ್ಟಿಗೆ ಎರಡು ಕೋಟು ಬಳಿದು, ಸುತ್ತ ಎರಡಿಂಚು ಬಿಳಿ ಬಿಟ್ಟು, ನೆಲಕ್ಕೆ ತಾಗಿಸಿ ಒಂದು ದಿನ, ಕಮಾನಿನ ಪಕ್ಕ ಒಂದು ದಿನ ನಿಲ್ಲಿಸಿ. ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ಮೂರು ಹೊತ್ತೂ ನೋಡಬೇಕು. ಇನ್ನೊಂದು ಮಾತು: ಉತ್ತರದ ಕಿಟಕಿಗೆ ಬಿಸಿಲೇ ಬರಲ್ಲ ಅಂತ ತಿಳಿಯಬೇಡಿ. ಮೈಸೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಆಗ ಉತ್ತರದ ವರಾಂಡಕ್ಕೂ ಬಿಸಿಲು ಬೀಳುತ್ತೆ. ಈಗ ಹಾಕಿದ ಮಾದರಿ ಹಿತವಾಗಿ ಕಂಡರೆ, ಡಿಸೆಂಬರಿನಲ್ಲಿ ಅದೇ ಬಣ್ಣ ಒಂದಿಷ್ಟು ಮಂಕಾಗಿಯೇ ಇರುತ್ತೆ ಅಂತ ಲೆಕ್ಕ ಹಾಕಿಕೊಳ್ಳಿ.

ಗಾರೆ_ಕೆಲಸ

ಬಣ್ಣದ ಮಾತು ಆಮೇಲೆ. ಮೊದಲು ಆ ವಾಲ್ ಪುಟ್ಟಿ ನಿಲ್ಲಿಸಿ, ದಯವಿಟ್ಟು.

ನಿಮ್ಮ ಗೋಡೆ ಸುಣ್ಣದ್ದು, ಅದು ಉಸಿರಾಡುತ್ತೆ. ನೆಲದಿಂದ ಏರಿದ ತೇವ ಗಾರೆಯ ಮೂಲಕ ಹೊರಬಂದು ಗಾಳಿಗೆ ಆರಿಹೋಗಬೇಕು. ಸಿಮೆಂಟಿನ ಪುಟ್ಟಿ, ಅದರ ಮೇಲೆ ಹೊಳಪಿನ ಎಮಲ್ಷನ್ ಬಳಿದರೆ ಆ ದಾರಿ ಮುಚ್ಚುತ್ತೆ. ನೀರು ಹಿಂದೆಯೇ ನಿಲ್ಲುತ್ತೆ, ಜೊತೆಗೆ ತಂದ ಉಪ್ಪು ಬಣ್ಣದ ಪದರದ ಹಿಂದೆ ಹರಳುಗಟ್ಟುತ್ತೆ. ಹರಳು ಬೆಳೆಯುವಾಗ ಪದರವನ್ನು ಒಳಗಿನಿಂದ ತಳ್ಳುತ್ತೆ. ನಿಮಗೆ ಕಾಣ್ತಿರೋ ಚಕ್ಕೆ, ಬಿಳೀ ಪುಡಿ ಎರಡೂ ಅದೇ. ಪುಟ್ಟಿ ಹಾಕಿದರೆ ಮುಂದಿನ ಸಲ ಬಣ್ಣದ ಜೊತೆ ಗಾರೆಯೂ ಕಿತ್ತು ಬರುತ್ತೆ, ಯಾಕಂದ್ರೆ ಪುಟ್ಟಿ ಗಾರೆಗಿಂತ ಗಟ್ಟಿ.

ಈ ಮೂರು ಪರೀಕ್ಷೆ ಮಾಡಿ ಫಲಿತಾಂಶ ಇಲ್ಲಿ ಹಾಕಿ.

ಮೊದಲನೆಯದು ತೇವ. ಎರಡಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪು ಹಾಕಿ 48 ಗಂಟೆ ಬಿಡಿ. ಕೆಳಗೊಂದು, ಐದಡಿ ಎತ್ತರದಲ್ಲೊಂದು. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆ ಕಡೆ, ಹನಿ ಕೂತಿದ್ದರೆ ನೀರು ಗೋಡೆಯಿಂದ ಬರ್ತಿದೆ. ಹೊರಮೈಯಲ್ಲಿ ಮಾತ್ರ ಇದ್ದರೆ ಕೋಣೆಯ ಗಾಳಿಯದು.

ಎರಡನೆಯದು, ಮೇಲಿನ ಎಮಲ್ಷನ್ ಎಷ್ಟು ಗಟ್ಟಿ ಹಿಡಿದಿದೆ ಅನ್ನೋದು. ಬ್ಲೇಡಿನಿಂದ ಅಡ್ಡ ಆರು, ಉದ್ದ ಆರು ಗೀರು ಹಾಕಿ, ಅಗಲ ಟೇಪು ಒತ್ತಿ ಅಂಟಿಸಿ ಒಂದೇ ಸಲ ಎಳೆಯಿರಿ. ಚೌಕಗಳು ಟೇಪಿಗೆ ಬಂದರೆ ಆ ಬಣ್ಣ ಕೆರೆಯಲೇಬೇಕು. ಬರದಿದ್ದರೆ ಸುಮ್ಮನೆ ಕೆರೆದು ಗಾರೆ ಹಾಳು ಮಾಡಬೇಡಿ.

ಮೂರನೆಯದು ಬೆರಳ ಗಂಟಿನಿಂದ ತಟ್ಟೋದು. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಹಾಗೆಯೇ ಹೊರಗಿನ ಮಣ್ಣು ನೋಡಿ. ಹಳೇ ಬಡಾವಣೆಗಳಲ್ಲಿ ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಎತ್ತರವಾಗಿರುತ್ತೆ, ಅಂಗಳಕ್ಕೆ ಸಿಮೆಂಟ್ ಹಾಕಿ ಗೋಡೆಗೆ ಮುಟ್ಟಿಸಿರುತ್ತಾರೆ. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಕನಿಷ್ಠ ಆರಿಂಚು ತಗ್ಗಿರಬೇಕು. ತಾರಸಿ ನೀರಿನ ಪೈಪು ಗೋಡೆ ಬುಡಕ್ಕೇ ಸುರಿಯುತ್ತಿದ್ದರೆ ಅದನ್ನು ಮೊದಲು ದೂರ ತಿರುಗಿಸಿ. ಅದು ಸರಿಯಾಗದೆ ಒಳಗೆ ಯಾವ ಬಣ್ಣ ಬಳಿದರೂ ನಿಲ್ಲಲ್ಲ.

ಪಾಂಡವಪುರ_ತೊಟ್ಟಿಮನೆ

ಮೇಲಿನ ಮಾತಿಗೆ ಒಂದು ಸೇರಿಸ್ತೀನಿ. ನಮ್ಮ ಮಂಡ್ಯ ಕಡೆ ನಾಲೆ ಬಯಲಿನ ಹಳೇ ಮನೆಗಳಲ್ಲಿ ಶೀತ ಹೊಡೆದ ಕಡೆ ನಾಲ್ಕಡಿ ಎತ್ತರಕ್ಕೆ ಸಿಮೆಂಟ್ ಪ್ಲಾಸ್ಟರ್ ಮಾಡಿಸೋ ರೂಢಿ ಇದೆ. ಒಂದೆರಡು ಮಳೆಗಾಲ ಚೆನ್ನಾಗಿ ಕಾಣುತ್ತೆ, ಆಮೇಲೆ ತೇವ ಸಿಮೆಂಟಿನ ಹಿಂದೆ ಹತ್ತಿ ಐದಡಿಯಲ್ಲಿ ಹೊರಗೆ ಬರುತ್ತೆ. ಕೆಳಗೆ ದಾರಿ ಮುಚ್ಚಿದರೆ ಅದು ಮೇಲೆ ದಾರಿ ಹುಡುಕುತ್ತೆ, ಅಷ್ಟೇ. ಕಂಟ್ರಾಕ್ಟರ್ "ವಾಟರ್‌ಪ್ರೂಫ್ ಪ್ಲಾಸ್ಟರ್" ಅಂದ್ರೆ ಒಪ್ಪಬೇಡಿ. ಆಯಿಲ್ ಪೇಂಟಿನ ಪಟ್ಟಿಯೂ ಮಾಡೋದು ಇದನ್ನೇ.

ಹಜಾರದ_ಕಮಾನು

ಪರೀಕ್ಷೆ ಎಲ್ಲ ಆಯ್ತು. ಕೆಳಗಿನ ಹಾಳೆಯ ಒಳಮೈ ಪೂರ್ತಿ ಹನಿ. ಐದಡಿ ಎತ್ತರದ್ದು ಒಣಗಿದೆ. ಟೇಪಿನ ಪರೀಕ್ಷೆಯಲ್ಲಿ ಮೇಲೆ ನಾಲ್ಕು ಕಡೆ ನೋಡಿದೆ, ಒಂದು ಚೌಕವೂ ಬರಲಿಲ್ಲ. ಪಟ್ಟಿಯ ಭಾಗದಲ್ಲಿ ಟೇಪು ಮುಟ್ಟಿಸುವ ಮೊದಲೇ ಉದುರಿತು. ಟೊಳ್ಳು ಸದ್ದು ಎಲ್ಲವೂ ಎರಡೂವರೆ ಅಡಿಯ ಕೆಳಗೇ. ಪೂರ್ವದ ಕಡೆ ತಾರಸಿ ಪೈಪು ನಿಜವಾಗಿಯೂ ಗೋಡೆ ಬುಡಕ್ಕೆ ಸುರೀತಿದೆ, ಪ್ಲಂಬರ್‌ಗೆ ಹೇಳಿದೀನಿ.

ಹಾಳೆಗಳ ಪರೀಕ್ಷೆಯೂ ಮಾಡಿದೆ, ಕೆಳಗಿನದು ಖಂಡಿತ ಕೆಂಪು. ಬೂದು ಕೈಬಿಟ್ಟೆವು. ಮೊದಲು ಈ ಹಜಾರಕ್ಕೆ ಯಾವ ಬಣ್ಣ ಇತ್ತು ಅಂತ ತಿಳಿಯೋಕೆ ದಾರಿ ಇದೆಯಾ?

ಬೆಳಕು_ನೆರಳು

ಇದೆ. ಕೈ ತಾಗದ, ಬಿಸಿಲು ಬೀಳದ ಜಾಗ ಹುಡುಕಿ: ಹಳೇ ಮರದ ಸ್ವಿಚ್‌ಬೋರ್ಡಿನ ಹಿಂದೆ (ಮೇನ್ ಆರಿಸಿ), ಗೂಡಿನ ಮೇಲ್ಮೂಲೆ, ಬಾಗಿಲ ಚೌಕಟ್ಟಿನ ಪಕ್ಕದ ಸಂದು. ಎರಡಿಂಚು ಅಗಲದ ಜಾಗ ಸಾಕು. 120 ನಂಬರಿನ ವಾಟರ್ ಪೇಪರ್ ಒದ್ದೆ ಮಾಡಿ ನಡುವೆ ದುಂಡಗೆ ಉಜ್ಜಿ ಗಾರೆ ಕಾಣೋವರೆಗೂ ಹೋಗಿ, ಆಮೇಲೆ 220, ಕೊನೆಗೆ 400 ನಂಬರಿನಲ್ಲಿ ಸುತ್ತ ಅಗಲಿಸುತ್ತ ಬನ್ನಿ. ಬಟ್ಟಲಿನ ಹಾಗೆ ತಗ್ಗಾಗಿ, ಮರದ ದಿಮ್ಮಿಯ ಉಂಗುರಗಳಂತೆ ಒಂದರ ಸುತ್ತ ಒಂದು ಬಣ್ಣ ಕಾಣುತ್ತೆ. ನಡುವಿನದು ಹಳೆಯದು, ಹೊರಗಿನದು ಹೊಸದು. ಒದ್ದೆ ಮಾಡಿದ ಕೂಡಲೇ ಫೋಟೋ ತೆಗೆಯಿರಿ, ಒಣಗಿದರೆ ಉಂಗುರದ ಗೆರೆ ಮಾಸುತ್ತೆ. ಆದರೆ ಬಣ್ಣ ಹೋಲಿಸುವಾಗ ಒಣಗಿದ್ದನ್ನೇ ಹೋಲಿಸಿ.

ಆಯಿಲ್ ಪೇಂಟಿನ ಪದರ ಕತ್ತಲಲ್ಲಿ ಮುಚ್ಚಿಹೋಗಿದ್ದರೆ ಹಳದಿ ಆಗಿರುತ್ತೆ. ಕೆಲವು ದಿನ ಹಗಲ ಬೆಳಕಿಗೆ ಬಿಟ್ಟರೆ ಒಂದಿಷ್ಟು ತಿಳಿಯಾಗುತ್ತೆ, ಅಲ್ಲೀವರೆಗೆ ಅದರ ಬಣ್ಣ ನಂಬಬೇಡಿ.

ಡಬ್ಬಿ_ಲೆಕ್ಕ

ಉಜ್ಜೋಕೆ ಮುಂಚೆ ಒಂದು ಎಚ್ಚರಿಕೆ, ಇದನ್ನು ಯಾರೂ ಹೇಳಿಲ್ಲ. ಹಳೇ ಆಯಿಲ್ ಪೇಂಟಿನಲ್ಲಿ ಸೀಸ ಇರೋ ಸಾಧ್ಯತೆ ತುಂಬಾ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನೋ ಕೇಂದ್ರದ ನಿಯಮ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್ 1ರಿಂದ. ಅಂದರೆ ನಿಮ್ಮ ಪಟ್ಟಿ, ಬಾಗಿಲು, ಕಿಟಕಿ ಸರಳು ಯಾವುದನ್ನೂ ಒಣ ಉಪ್ಪು ಕಾಗದದಲ್ಲಿ ಉಜ್ಜಬಾರದು, ಮೆಷಿನ್ ಹಾಕಬಾರದು, ಬೆಂಕಿ ಊದಿ ಸುಡಬಾರದು. ನೀರು ಚಿಮುಕಿಸಿ ಒದ್ದೆ ಮಾಡಿಯೇ ಕೆರೆಯಬೇಕು. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿ, ಚಕ್ಕೆಯನ್ನು ಅದರಲ್ಲೇ ಸುತ್ತಿ ಕಟ್ಟಿ. ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಲಸದವರಿಗೆ ಎನ್-95 ಮಾಸ್ಕ್ ಕೊಡಿ. ಮಕ್ಕಳು, ಬಸುರಿ ಹೆಣ್ಣುಮಕ್ಕಳು ಆ ದಿನಗಳಲ್ಲಿ ಹಜಾರಕ್ಕೆ ಬರದಿರಲಿ.

ಈಗ ಗಾರೆ_ಕೆಲಸ ಅವರಿಗೆ: ಇಡೀ ಹಜಾರಕ್ಕೆ ಸುಣ್ಣ ಬಳಿಸಿ ಅಂತ ಹೇಳೋ ಹಾಗಿದ್ದರೆ ನಾನು ಒಪ್ಪಲ್ಲ. ಎಮಲ್ಷನ್ ಮೇಲೆ ಸುಣ್ಣ ಹಿಡಿಯಲ್ಲ. ಮೇಲಿನ ಬಣ್ಣ ಗಟ್ಟಿಯಾಗಿದೆ, ಕೆರೆಸಿದರೆ ಹಣವೂ ಹೋಯ್ತು, ಗಾರೆಯೂ ಹೋಯ್ತು. ಮೇಲೆ ಎಮಲ್ಷನ್ನೇ ಇರಲಿ, ಹೊಳಪಿಲ್ಲದ ಮ್ಯಾಟ್. ಸುಣ್ಣದ ಗೋಡೆ ಯಾವತ್ತೂ ಅಲೆ ಅಲೆಯಾಗಿರುತ್ತೆ. ಕಿಟಕಿಯಿಂದ ಓರೆ ಬೆಳಕು ಬಿದ್ದಾಗ ಹೊಳಪಿನ ಬಣ್ಣ ಪ್ರತಿಯೊಂದು ಉಬ್ಬು ತಗ್ಗನ್ನೂ ತೋರಿಸುತ್ತೆ. ಅದನ್ನು ಮುಚ್ಚೋಕೆ ಪುಟ್ಟಿ, ಪುಟ್ಟಿಗೆ ಇನ್ನಷ್ಟು ಹೊಳಪು, ಹೀಗೆ ಖರ್ಚು ಬೆಳೆಯುತ್ತೆ. ಮ್ಯಾಟ್ ಬಳಿದರೆ ಅದೇ ಅಲೆ ಚೆಂದ ಕಾಣುತ್ತೆ.

ಗಾರೆ_ಕೆಲಸ

ಟೇಪಿನ ಫಲಿತಾಂಶ ನೋಡಿದ ಮೇಲೆ ನಾನೂ ಅದನ್ನೇ ಹೇಳ್ತೀನಿ. ತೇವ ಎರಡೂವರೆ ಅಡಿಯಲ್ಲಿ ನಿಂತಿದೆ, ಪಟ್ಟಿ ಮೂರೂವರೆ ಅಡಿಗೆ ಮುಗಿಯುತ್ತೆ. ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಗಾರೆ ತೆಗೆಯೋದು ವಾಡಿಕೆ. ಲೆಕ್ಕ ತಾನಾಗಿಯೇ ಕೂಡಿ ಬಂದಿದೆ. ಪಟ್ಟಿಯ ಗೆರೆಯ ಕೆಳಗೆ ಉಸಿರಾಡುವ ಹೊಸ ಗಾರೆ, ಸುಣ್ಣ. ಗೆರೆಯ ಮೇಲೆ ಇರುವ ಗೋಡೆ ಹಾಗೇ, ಮ್ಯಾಟ್ ಎಮಲ್ಷನ್. ಎರಡು ಬಣ್ಣ, ಎರಡು ವಸ್ತು, ನಡುವೆ ಒಂದೇ ಗೆರೆ.

ಕೆಲಸ ಹೀಗೆ. ಪಟ್ಟಿಯ ಗೆರೆಯ ಕೆಳಗಿನ ಗಾರೆ ಪೂರ್ತಿ ತೆಗೆಯಿರಿ. ಇಟ್ಟಿಗೆ ಸಂದಿನಲ್ಲಿ ಉದುರುವ ಮಣ್ಣನ್ನು ಅರ್ಧ ಇಂಚಿನಷ್ಟು ಕೆದಕಿ. ಉಪ್ಪನ್ನು ಒಣ ಬ್ರಶ್ಶಿನಲ್ಲಿ ಗುಡಿಸಿ ಹೊರಗೆ ಎಸೆಯಿರಿ, ನೀರು ಹಾಕಿ ತೊಳೆದರೆ ಅದು ಕರಗಿ ವಾಪಸ್ ಗೋಡೆಗೇ ಹೋಗುತ್ತೆ. ಎರಡು ವಾರ ಹಾಗೇ ಬಿಡಿ, ಕಿಟಕಿ ತೆರೆದಿರಲಿ. ಮತ್ತೆ ಉಪ್ಪು ಬಂದರೆ ಮತ್ತೆ ಗುಡಿಸಿ. ಆಮೇಲೆ ಒಂದು ಪಾಲು ನೆನೆದ ಸುಣ್ಣಕ್ಕೆ ಮೂರು ಪಾಲು ಜರಡಿ ಹಿಡಿದ ಮರಳು. ಒಂದು ಹಿಡಿ ಸಿಮೆಂಟೂ ಬೇಡ, "ಗಟ್ಟಿಗೆ" ಅಂತ ಮೇಸ್ತ್ರಿ ಸೇರಿಸೋಕೆ ನೋಡ್ತಾರೆ, ಎದುರಿಗೆ ನಿಂತು ಕಲಸಿ. ಇಟ್ಟಿಗೆ ಒದ್ದೆ ಮಾಡಿ ಮೊದಲ ಪದರ 12 ಮಿಲಿಮೀಟರ್. ಅದು ಬೆರಳೊತ್ತಿದರೆ ಇಳಿಯದಷ್ಟು ಗಟ್ಟಿಯಾದ ಮೇಲೆ 8 ಮಿಲಿಮೀಟರ್. ಒಂದು ವಾರ ದಿನಕ್ಕೆರಡು ಸಲ ತೆಳ್ಳಗೆ ನೀರು ಚಿಮುಕಿಸಿ. ಬೇಗ ಒಣಗಿದರೆ ಕೂದಲೆಳೆ ಬಿರುಕು ಬಿಡುತ್ತೆ.

ಹೊಸ ಗಾರೆಗೆ ಎಮಲ್ಷನ್ ಬಳಿಯಬೇಕಾದರೆ ಕನಿಷ್ಠ ನಾಲ್ಕಾರು ವಾರ ಕಾಯಬೇಕು. ಸುಣ್ಣಕ್ಕೆ ಆ ಕಾಯುವಿಕೆ ಇಲ್ಲ, ಎರಡೂ ಒಂದೇ ಜಾತಿ. ಎರಡು ವಾರಕ್ಕೆ ಬಳಿಯಬಹುದು, ನವರಾತ್ರಿಯೊಳಗೆ ಆರಾಮಾಗಿ ಮುಗಿಯುತ್ತೆ.

ಸುಣ್ಣದ ಅಳತೆ: ಪಟ್ಟಿಯ ಜಾಗ ಸುಮಾರು 165 ಚದರಡಿ. ನಾಲ್ಕು ಕೈ, ಅಂದರೆ ನಾಲ್ಕು ಕೋಟು, ಬಳಿಯೋಕೆ ಎರಡೂವರೆ ಕಿಲೋ ಸುಟ್ಟ ಸುಣ್ಣದ ಕಲ್ಲು ಸಾಕು. ಒಂದು ಕಿಲೋಗೆ ಐದು ಲೀಟರ್ ನೀರಿನ ಲೆಕ್ಕ. ಅಗಲ ಬಾಯಿಯ ಕಬ್ಬಿಣದ ಡ್ರಮ್ಮಿನಲ್ಲಿ ನೀರು ಮೊದಲು, ಕಲ್ಲು ಆಮೇಲೆ, ಸ್ವಲ್ಪ ಸ್ವಲ್ಪವಾಗಿ. ಕುದಿದು ಸಿಡಿಯುತ್ತೆ, ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಬೇಕೇ ಬೇಕು. ಕಣ್ಣಿಗೆ ಬಿದ್ದರೆ ಧಾರೆಯಾಗಿ ನೀರು ಹೊಯ್ದು ತಕ್ಷಣ ಆಸ್ಪತ್ರೆಗೆ. 24 ಗಂಟೆ ಬಿಟ್ಟು ಒರಟು ಬಟ್ಟೆಯಲ್ಲಿ ಸೋಸಿ. ಗ್ರಂಥಿಗೆ ಅಂಗಡಿಯ ಗೋಂದು ಹತ್ತು ಲೀಟರಿಗೆ 40 ಗ್ರಾಂ, ಬಿಸಿನೀರಿನಲ್ಲಿ ಕರಗಿಸಿ ಸೇರಿಸಿ.

ಬಣ್ಣದ ಪುಡಿ ಸುಣ್ಣದ ತೂಕದ ನೂರಕ್ಕೆ ಐದು, ಅಂದರೆ 125 ಗ್ರಾಂ. ಗಾಢ ಬೇಕೆಂದರೂ 250 ಗ್ರಾಂ ದಾಟಬೇಡಿ, ದಾಟಿದರೆ ಹಿಡಿಯೋಕೆ ಸುಣ್ಣ ಸಾಲದೆ ಕೈಗೆ ಮೆತ್ತುತ್ತೆ. ಸುಣ್ಣಕ್ಕೆ ಹೆದರದ ಪುಡಿ ಮಾತ್ರ ಬಳಸಿ: ಹಳದಿ ಮಣ್ಣು, ಕೆಮ್ಮಣ್ಣು, ಕಬ್ಬಿಣದ ಆಕ್ಸೈಡ್‌ಗಳು, ಕ್ರೋಮಿಯಂ ಆಕ್ಸೈಡ್ ಹಸಿರು, ಅಲ್ಟ್ರಾಮರೀನ್ ನೀಲಿ. ಪ್ರಶ್ಯನ್ ನೀಲಿ ಸುಣ್ಣದಲ್ಲಿ ಕಂದಾಗಿ ಕೆಡುತ್ತೆ. ಪುಡಿಯನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಸಿ, ಇಲ್ಲದಿದ್ದರೆ ಗೋಡೆಯ ಮೇಲೆ ಗೆರೆ ಗೆರೆಯಾಗಿ ಎಳೆಯುತ್ತೆ. ನಾಲ್ಕೂ ಕೈಗೆ ಬೇಕಾದ್ದನ್ನು ಒಂದೇ ಡ್ರಮ್ಮಿನಲ್ಲಿ ಕಲಸಿಡಿ, ಎರಡನೇ ಸಲ ಕಲಸಿದ್ದು ಯಾವತ್ತೂ ಹೊಂದಲ್ಲ.

ಬಳಿಯುವಾಗ ಹಾಲಿನಷ್ಟು ತೆಳುವಿರಲಿ. ಗೋಡೆ ಮೊದಲು ಒದ್ದೆ ಮಾಡಿ. ಒಂದು ಕೈ ಅಡ್ಡ, ಮುಂದಿನದು ಉದ್ದ, ನಡುವೆ ಒಂದು ದಿನ. ಮೊದಲ ಕೈ ಬಳಿದಾಗ ಏನೂ ಕಾಣಲ್ಲ, ಗೋಡೆ ಒದ್ದೆಯಾದ ಹಾಗೆ ಇರುತ್ತೆ. ಸಾಲದು ಅಂತ ದಪ್ಪ ಮಾಡಿದಿರೋ, ಅದೇ ಉದುರೋದು. ಸುಣ್ಣ ಬಟ್ಟೆಗೆ ಅಂಟುತ್ತೆ ಅನ್ನೋ ದೂರಿಗೆ ಕಾರಣ ಹೆಚ್ಚಾಗಿ ಮೂರೇ: ದಪ್ಪ ಕೋಟು, ಒಣ ಗೋಡೆ, ಗಾಳಿಗೆ ತೆರೆದಿಟ್ಟು ಸತ್ತುಹೋದ ಹಳೇ ಸುಣ್ಣದ ಪುಡಿ.

ನೆಲ ಮತ್ತು ತೇಗ ಮುಚ್ಚೋದನ್ನು ಮರೆಯಬೇಡಿ. ಸುಣ್ಣದ ಹನಿ ರೆಡ್ ಆಕ್ಸೈಡ್ ಮೇಲೆ ಒಣಗಿದರೆ ಬಿಳೀ ಮಚ್ಚೆ ಸುಲಭಕ್ಕೆ ಹೋಗಲ್ಲ. ತೇಗಕ್ಕೆ ತಾಗಿದರೆ ಮರ ಕಪ್ಪಾಗುತ್ತೆ.

ಡಬ್ಬಿ_ಲೆಕ್ಕ

ಪಟ್ಟಿ ಅಂದ್ರೆ ಜನ ಒರಗೋ ಜಾಗ, ಕುರ್ಚಿ ತಾಗೋ ಜಾಗ. ಅಲ್ಲಿ ಸುಣ್ಣ ವರ್ಷ ವರ್ಷ ಬಳಿಯಬೇಕಾಗುತ್ತೆ. ಪೊಟ್ಯಾಷಿಯಂ ಸಿಲಿಕೇಟ್ ಬಣ್ಣ ಅಂತ ಇದೆ, ಅದೂ ಉಸಿರಾಡುತ್ತೆ, ಕೈಗೆ ಅಂಟಲ್ಲ, ಸುಣ್ಣದ ಗಾರೆಯ ಜೊತೆ ಬೆಸೆದುಕೊಳ್ಳುತ್ತೆ. ದುಬಾರಿ, ಆದರೆ 165 ಚದರಡಿಗೆ ಎರಡು ಕೋಟು ಬಳಿಯೋಕೆ 5 ಲೀಟರ್ ಆದರೆ ಆಯ್ತು.

ಆದರೆ ಈ ವರ್ಷವೇ ಬೇಡ. ಹೊಸ ಗಾರೆಯಿಂದ ಮೊದಲ ವರ್ಷ ಉಪ್ಪು ಬಂದೇ ಬರುತ್ತೆ. ಸುಣ್ಣವಾದರೆ ಗುಡಿಸಿ ಮತ್ತೊಂದು ಕೈ ಬಳಿಯಬಹುದು, ಖರ್ಚಿಲ್ಲ. ಒಂದು ಮಳೆಗಾಲ ಪೂರ್ತಿ ಕಳೆದು ಉಪ್ಪು ನಿಂತ ಮೇಲೆ, ಸಡಿಲ ಸುಣ್ಣ ಉಜ್ಜಿ ತೆಗೆದು, ಜನವರಿಯಿಂದ ಮಾರ್ಚ್ ಒಳಗೆ ಸಿಲಿಕೇಟ್ ಬಳಿಸಿ. ಮೈಸೂರಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲೂ ಒಳ್ಳೇ ಮಳೆ ಸುರಿಯುತ್ತೆ. ದಸರಾ ಆತುರಕ್ಕೆ ಒದ್ದೆ ಗೋಡೆಯ ಮೇಲೆ ಪೇಂಟ್ ಬಳಿಸಿ ಯುಗಾದಿಗೆ ಚಕ್ಕೆ ಎಣಿಸೋದನ್ನು ಎಷ್ಟೋ ಮನೆಗಳಲ್ಲಿ ನೋಡಬಹುದು.

ಮೇಲಿನ ಗೋಡೆ: ಸುತ್ತಳತೆ 60 ಅಡಿ, ಎತ್ತರ 12, ಒಟ್ಟು 720. ಬಾಗಿಲು, ಕಮಾನು, ಮೂರು ಕಿಟಕಿಗೆ ಸುಮಾರು 120 ಕಳೆದರೆ 600, ಪಟ್ಟಿಯ 165 ಕಳೆದರೆ 435. ಪುಟ್ಟಿ ಇಲ್ಲದ ಹಳೇ ಗೋಡೆಗೆ ಲೀಟರಿಗೆ ಎರಡು ಕೋಟು 90ರಿಂದ 110 ಚದರಡಿ ಹಿಡಿಯಿರಿ. 4 ಲೀಟರಿನದೊಂದು, 1 ಲೀಟರಿನದೊಂದು ಸಾಕು. ಎರಡನ್ನೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಮಿಕ್ಸ್ ಮಾಡಿಸಿ, ಮನೆಗೆ ತಂದು ದೊಡ್ಡ ಬಕೆಟ್ಟಿಗೆ ಸುರಿದು ಒಟ್ಟಿಗೆ ಕಲಕಿ. ಮೆಷಿನ್ ಒಂದೊಂದು ಹನಿ ಹೆಚ್ಚುಕಮ್ಮಿ ಬಿಟ್ಟರೂ ತಿಳಿ ಬಣ್ಣದಲ್ಲಿ ಗೋಡೆಯ ಮಧ್ಯೆ ಗೆರೆ ಕಾಣುತ್ತೆ. ನೇರಳೆ ಮೇಲೆ ಬೆಣ್ಣೆ ಬಣ್ಣ ನೇರವಾಗಿ ಬಳಿದರೆ ಕೆಳಗಿನದು ಇಣುಕುತ್ತೆ, ಮೊದಲು ಒಂದು ಕೋಟು ಬಿಳೀ ಪ್ರೈಮರ್ ಬೇಕು.

ಹಜಾರದ_ಕಮಾನು

ಎಲ್ಲರಿಗೂ ಧನ್ಯವಾದ. ಸ್ವಿಚ್‌ಬೋರ್ಡಿನ ಹಿಂದೆ ಉಜ್ಜಿದೆ. ನೇರಳೆ, ಕ್ರೀಮ್, ತಿಳಿ ಹಸಿರು ಡಿಸ್ಟೆಂಪರ್, ಆಕಾಶ ನೀಲಿ, ಆಮೇಲೆ ನೀಲಿಯ ಛಾಯೆಯ ಬಿಳೀ ಸುಣ್ಣ ನಾಲ್ಕೈದು ಪದರ. ಪಟ್ಟಿಯಲ್ಲಿ ಕಂದು, ಅದರಡಿ ಕಡು ಹಸಿರು. ಹಾಗಾಗಿ ಮೇಲೆ ಬೆಣ್ಣೆ ಬಣ್ಣ, ಕೆಳಗೆ ಹಸಿರು ಅಂತ ತೀರ್ಮಾನ. ಕೊನೆಯ ಪ್ರಶ್ನೆಗಳು: ಕಮಾನಿನ ಒಳಮೈ, ಗೂಡು, ಜಂತೆ, ದೀಪ.

ಬೆಳಕು_ನೆರಳು

ಒಳ್ಳೇ ತೀರ್ಮಾನ. ಆದರೆ ಆ ಕಡು ಹಸಿರನ್ನೇ ತರಬೇಡಿ, ಆಯಿಲ್ ಪೇಂಟಿನ ಹೊಳಪಿತ್ತು ಅಂತ ಅದು ನಡೀತಿತ್ತು. ಹೊಳಪಿಲ್ಲದ ಸುಣ್ಣದಲ್ಲಿ ಅಷ್ಟು ಗಾಢ ಹೋದರೆ ಕಪ್ಪು ಅಂಚಿನ ಜೊತೆ ಸೇರಿ ಹಜಾರ ಕುಗ್ಗುತ್ತೆ. ಕ್ರೋಮಿಯಂ ಹಸಿರು ಎರಡು ಪಾಲು, ಹಳದಿ ಮಣ್ಣು ಒಂದು ಪಾಲಿನಿಂದ ಶುರು ಮಾಡಿ. ಈ ಸುಣ್ಣದ ಮಾದರಿಯನ್ನು ರಟ್ಟಿಗೆ ಬಳಿಯಬೇಡಿ, ಒಂದು ಇಟ್ಟಿಗೆಗೆ ಅದೇ ಗಾರೆ ಮೆತ್ತಿ ಅದರ ಮೇಲೆ ಬಳಿದು ಎರಡು ದಿನ ಒಣಗಿಸಿ ನೋಡಿ. ಒದ್ದೆಯಲ್ಲಿ ಪಾಚಿ ಬಣ್ಣ ಇದ್ದದ್ದು ಒಣಗಿದಾಗ ಪಿಸ್ತಾ ಆಗುತ್ತೆ, ಅಷ್ಟು ವ್ಯತ್ಯಾಸ.

ಎರಡು ಬಣ್ಣ ಸೇರುವ ಗೆರೆಯನ್ನು ನೆಲದಿಂದ ಅಳೆಯಬೇಡಿ, ಹಳೇ ನೆಲ ಮಟ್ಟಸ ಇರಲ್ಲ. ನೀರು ತುಂಬಿದ ಟ್ಯೂಬಿನಿಂದ ಮಟ್ಟ ಹಿಡಿದು ನಾಲ್ಕೂ ಗೋಡೆಗೆ ಗುರುತು ಹಾಕಿ. ಆ ಗೆರೆಯ ಮೇಲೆ ಅರ್ಧ ಇಂಚಿನ ಕೆಮ್ಮಣ್ಣಿನ ಎಳೆ ಎಳೆದರೆ ನೆಲದ ಕೆಂಪು ಅಲ್ಲಿ ಮತ್ತೆ ಕಾಣುತ್ತೆ, ಎಮಲ್ಷನ್ ಮತ್ತು ಸುಣ್ಣ ಸೇರುವ ಒರಟೂ ಮುಚ್ಚುತ್ತೆ.

ಕಮಾನಿನ ಒಳಮೈಗೆ ಮೇಲಿನ ಗೋಡೆಯ ಬಣ್ಣವನ್ನೇ ತಂದು ನಡುಮನೆ ಕಡೆಯ ಅಂಚಿನಲ್ಲಿ ನಿಲ್ಲಿಸಿ. ಕಿಟಕಿಗಳ ಪಕ್ಕದ 15 ಇಂಚಿನ ದಪ್ಪಕ್ಕೆ ಮಾತ್ರ ಬಿಳಿ. ಬೆಳಕು ಒಳಗೆ ಬರೋದೇ ಅದರ ಮೇಲೆ ಜಾರಿಕೊಂಡು, ಅಲ್ಲಿ ಬಿಳಿ ಇದ್ದರೆ ಹಜಾರಕ್ಕೇ ಲಾಭ. ಗೂಡುಗಳ ಒಳಗೆ ಹಳದಿ ಮಣ್ಣಿನ ಬಣ್ಣ ಹಾಕಿ. ಹಿತ್ತಾಳೆ ದೀಪ ಇಟ್ಟರೂ ಪಟ್ಟದ ಬೊಂಬೆ ಇಟ್ಟರೂ ಅದರ ಮುಂದೆ ಎದ್ದು ಕಾಣುತ್ತೆ.

ದೀಪಕ್ಕೆ ಬೆಚ್ಚನೆ ಹಳದಿ ಬೆಳಕಿನ 3000 ಕೆಲ್ವಿನ್ ಎಲ್‌ಇಡಿ, ಸಿಆರ್‌ಐ (ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅನ್ನೋ ಅಳತೆ) 90 ಅಂತ ಡಬ್ಬಿಯ ಮೇಲೆ ಇರೋದು ತನ್ನಿ. 6500 ಕೆಲ್ವಿನ್‌ನ ನೀಲಿ ಬಿಳುಪಿನ ಟ್ಯೂಬ್ ಕೆಳಗೆ ಬೆಣ್ಣೆ ಬಣ್ಣ ಸತ್ತುಹೋಗುತ್ತೆ.

ಗಾರೆ_ಕೆಲಸ

ಜಂತೆಗಳಿಗೆ ಪೇಂಟ್ ಬೇಡ. ಒಣ ಬಟ್ಟೆಯಲ್ಲಿ ಒರೆಸಿ, ಅಗಸೆ ಎಣ್ಣೆಗೆ ಅಷ್ಟೇ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಮಿಕ್ಕಿದ್ದನ್ನು ಒರೆಸಿ ತೆಗೆಯಿರಿ. ಆ ಎಣ್ಣೆ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬಾರದು. ಒಳಗೆ ತಾನಾಗಿಯೇ ಬಿಸಿಯೇರಿ ಬೆಂಕಿ ಹತ್ತಬಹುದು. ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡಿ.

ಜಂತೆಗಳ ನಡುವಿನ ಇಟ್ಟಿಗೆಗೆ ಮುಂಚೆ ಎಮಲ್ಷನ್ ಬಳಿದಿಲ್ಲವಾದರೆ ಬಿಳೀ ಸುಣ್ಣ ಮೂರು ಕೈ. ನೀಲಿ ಸೇರಿಸೋದಾದರೆ ಕಿಲೋ ಸುಣ್ಣಕ್ಕೆ 3 ಗ್ರಾಂ ಮೀರಬಾರದು, ನಿಮ್ಮ ಕೆಂಪು ನೆಲದ ಮೇಲೆ ಒಂದೂವರೆ ಗ್ರಾಂ ಸಾಕು. ಕೆಲಸದ ಕ್ರಮ ಚಾವಣಿ, ಜಂತೆ, ಮೇಲಿನ ಗೋಡೆ, ಕಡೆಗೆ ಪಟ್ಟಿ. ಬೊಂಬೆ ಮೆಟ್ಟಿಲು ಮತ್ತು ಸೋಫಾ ಗೋಡೆಯಿಂದ ನಾಲ್ಕಿಂಚು ಈಚೆಗೆ ಇರಲಿ, ಈ ವರ್ಷ ಆ ಗೋಡೆ ಇನ್ನೂ ಆರಬೇಕಿದೆ.

ಡಬ್ಬಿ_ಲೆಕ್ಕ

ಉಳಿದ ಎಮಲ್ಷನ್ ದೊಡ್ಡ ಡಬ್ಬಿಯಲ್ಲಿ ಇಟ್ಟರೆ ಕೆನೆಗಟ್ಟಿ ಹಾಳಾಗುತ್ತೆ. ಕಾಲು ಲೀಟರ್ ಗಾಜಿನ ಬಾಟಲಿಗೆ ಬಾಯಿವರೆಗೆ ತುಂಬಿ ಮುಚ್ಚಳ ಬಿಗಿ ಮಾಡಿ, ತೇಪೆಗೆ ಆಗುತ್ತೆ. ಶೇಡ್ ನಂಬರ್, ಬೇಸ್ (ಅಂಗಡಿಯಲ್ಲಿ ಬಣ್ಣ ಬೆರೆಸುವ ಮೂಲ ಪೇಂಟ್), ತಾರೀಖು, ಸುಣ್ಣಕ್ಕೆ ಹಾಕಿದ ಪುಡಿಗಳ ಗ್ರಾಂ ಲೆಕ್ಕ ಎಲ್ಲ ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು, ಉಂಗುರ ಉಜ್ಜಿದ ಜಾಗದ ಪಕ್ಕದ ಗೂಡಿನ ಮೇಲ್ಮೂಲೆಗೆ ಅಂಟಿಸಿಡಿ. ಉಂಗುರ ಇರೋ ಜಾಗವನ್ನು ಮಾತ್ರ ಬಳಿಸದೆ ಹಾಗೇ ಉಳಿಸಿಕೊಳ್ಳಿ, ಪೇಂಟರ್‌ಗೆ ಮೊದಲೇ ಹೇಳಿ ಟೇಪು ಹಾಕಿಸಿ.